ವಿಮಾನದ ಆಸನ ಸಾಂದ್ರತೆ ಮತ್ತು ಟಿಕೆಟ್ ದರ

ಅರಸೀಕೆರೆ ತಾಲ್ಲೂಕಿನ ಜಾವಗಲ್‌ನಲ್ಲಿ ಕೃಷಿ ಮಾಡಿದ್ದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಮೂಲಕ ದೇಶದಲ್ಲಿ ಅಗ್ಗದ ವಿಮಾನಯಾನಕ್ಕೆ ನಾಂದಿ ಹಾಡಿದರು. ಇಂಥ ಸೇವೆಯ ಮುಖ್ಯ ಆಧಾರ ಆಸನ ಸಾಂದ್ರತೆ, ಅಂದರೆ ಅದೇ ವಿಮಾನದಲ್ಲಿ ಹೆಚ್ಚು ಆಸನಗಳನ್ನು ಜೋಡಿಸುವುದು. ಏರ್‌ಬಸ್ ಎ320ರಲ್ಲಿ ಬಿಸಿನೆಸ್ ದರ್ಜೆಯೂ ಇದ್ದರೆ ಸುಮಾರು 150 ಆಸನ, ಒಂದೇ ದರ್ಜೆಯಾದರೆ 180. ಇಂಧನ, ಪೈಲಟ್ ಸಂಬಳ, ನಿಲ್ದಾಣ ಶುಲ್ಕ ಹೆಚ್ಚು ಬದಲಾಗವು. ಹಾರಾಟದ ವೆಚ್ಚ 9 ಲಕ್ಷ ರೂ. ಎಂದಿಟ್ಟುಕೊಂಡರೆ, ಪ್ರತಿ ಆಸನದ ವೆಚ್ಚ 6,000ದಿಂದ 5,000 ರೂ.ಗೆ ಇಳಿಯುತ್ತದೆ.

ಕಾಲು ಚಾಚಲು ಜಾಗವಿಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ಎತ್ತರದವರಿಗೆ, ವೃದ್ಧರಿಗೆ ಅದು ನಿಜವಾದ ಕಷ್ಟ. ಆದರೆ ಒಂದೆರಡು ಗಂಟೆಯ ಪ್ರಯಾಣದಲ್ಲಿ ಆ ಇಕ್ಕಟ್ಟಿಗಿಂತ ಕೈಗೆಟುಕದ ದರವೇ ಸಾಮಾನ್ಯರಿಗೆ ದೊಡ್ಡ ತಡೆ. ಸಾಂದ್ರತೆಗೆ ಸುರಕ್ಷತೆಯ ಮಿತಿಯೂ ಇದೆ: ತುರ್ತು ಸಂದರ್ಭದಲ್ಲಿ ಅರ್ಧದಷ್ಟು ದ್ವಾರಗಳಿಂದಲೇ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರುವಂತಿರಬೇಕು. ಸಾಂದ್ರತೆಯೊಂದೇ ಸಾಲದೆಂಬುದೂ ಸತ್ಯ. ಆಸನಗಳು ತುಂಬದಿದ್ದರೆ, ದರ ವೆಚ್ಚಕ್ಕಿಂತ ಕೆಳಗಿಳಿದರೆ ನಷ್ಟ ಖಚಿತ. ನಷ್ಟದಲ್ಲಿದ್ದ ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರ್ ವಿಮಾನಯಾನ ಸಂಸ್ಥೆಯೊಂದಿಗೆ ವಿಲೀನವಾಯಿತು. ಇಂಥ ನಷ್ಟ ತುಂಬಲೆಂದೇ ಕೇಂದ್ರ ಸರ್ಕಾರದ 2016ರ ಪ್ರಾದೇಶಿಕ ವಿಮಾನಯಾನ ಯೋಜನೆ ಉಡಾನ್ ದರಮಿತಿಯೊಂದಿಗೆ ಸಹಾಯಧನವನ್ನೂ ಒದಗಿಸಿತು. ಕನಿಷ್ಠ ಸೌಕರ್ಯಕ್ಕೆ ನಿಯಮದ ರಕ್ಷಣೆ ಕೊಟ್ಟು, ಉಳಿದುದನ್ನು ಪ್ರಯಾಣಿಕರ ಆಯ್ಕೆಗೆ ಬಿಡುವುದೇ ಸಮತೋಲನದ ನೀತಿ.