ತೋಳಿನ ಮೇಲಿನ ಸಣ್ಣ ಗುಳ್ಳೆ

ಪ್ರಶ್ನೆ: ನನ್ನ ಮಗಳಿಗೆ ಒಂದೂವರೆ ತಿಂಗಳು. ಮೊನ್ನೆ ಅಂಗನವಾಡಿಯಲ್ಲಿ ಬಲತೋಳಿಗೆ ಪೋಲಿಯೊ ಸೂಜಿ ಹಾಕಿದರು. ಔಷಧಿ ಚೂರೇ ಚೂರು. ಬೆಂಗಳೂರಿನಲ್ಲಿ ನಾದಿನಿಯ ಮಗುವಿಗೆ ಖಾಸಗಿ ಆಸ್ಪತ್ರೆಯವರು ತೊಡೆಗೆ ಅರ್ಧ ಎಂ.ಎಲ್. ಕೊಟ್ಟರಂತೆ. ‘ಬಡವರ ಮಕ್ಕಳ ಮೇಲೆ ಪ್ರಯೋಗ ಮಾಡ್ತಾರೆ, ಇನ್ನು ಹೋಗಬೇಡ’ ಅಂತಾರೆ ಅತ್ತೆ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಹೋಗಬೇಕು ತಂಗಿ, ತಪ್ಪಿಸಬೇಡಿ.

ನಿಮ್ಮ ಮಗಳಿಗೆ ಕೊಟ್ಟದ್ದು 0.1 ಎಂ.ಎಲ್., ಪೂರ್ತಿ ಡೋಸಿನ ಐದನೇ ಒಂದು ಪಾಲು. ಆದರೆ ಅದು ಹೋದದ್ದು ಮಾಂಸಖಂಡಕ್ಕಲ್ಲ, ಚರ್ಮದ ಪದರಕ್ಕೆ. ಅಲ್ಲೊಂದು ಸಣ್ಣ ಗುಳ್ಳೆ ಎದ್ದಿತ್ತಲ್ಲ? ರೋಗಾಣುವನ್ನು ಗುರುತಿಸುವ ಕಾವಲು ಕೋಶಗಳು ಚರ್ಮದಲ್ಲಿ ದಟ್ಟವಾಗಿರುತ್ತವೆ. ಹಾಗಾಗಿ ಅಲ್ಲಿ ಸ್ವಲ್ಪವೇ ಔಷಧಿ ಸಾಕಾಗುತ್ತದೆ.

ಅತ್ತೆಯ ಅನುಮಾನ ಪೂರ್ತಿ ಬುಡವಿಲ್ಲದ್ದೇನಲ್ಲ. ಪ್ರಯೋಗ ನಡೆದದ್ದು ನಿಜ. ನಿಮ್ಮ ಅಂಗನವಾಡಿಯಲ್ಲಲ್ಲ, ಅದಕ್ಕೂ ಮುಂಚೆ ಒಮಾನ್, ಕ್ಯೂಬಾ, ಬಾಂಗ್ಲಾದೇಶಗಳಲ್ಲಿ. ಕ್ಯೂಬಾದ ಕಥೆ ಕೇಳಿ. ಮೊದಲು 6, 10, 14ನೇ ವಾರಗಳಲ್ಲಿ ಸಣ್ಣ ಡೋಸ್ ಕೊಟ್ಟು ನೋಡಿದರು. ಪೂರ್ತಿ ಡೋಸಿನಷ್ಟು ಫಲ ಸಿಗಲಿಲ್ಲ. ಅದನ್ನವರು ಮುಚ್ಚಿಡಲಿಲ್ಲ, ಪ್ರಕಟಿಸಿದರು. ಆಮೇಲೆ 4 ಮತ್ತು 8ನೇ ತಿಂಗಳಲ್ಲಿ, ಅಂತರ ಹೆಚ್ಚಿಸಿ ಕೊಟ್ಟಾಗ ಫಲ ಪೂರ್ತಿ ಡೋಸಿನ ಹತ್ತಿರಕ್ಕೆ ಬಂತು. ಡೋಸ್ ಎಷ್ಟು ಅನ್ನುವಷ್ಟೇ ಮುಖ್ಯ, ಎಷ್ಟು ದಿನ ಬಿಟ್ಟು ಅನ್ನುವುದು.

2016ರ ಏಪ್ರಿಲ್‌ನಲ್ಲಿ ಬಾಯಿಗೆ ಹಾಕುವ ಹನಿಯಿಂದ ಎರಡನೇ ಬಗೆಯ ಪೋಲಿಯೊ ವೈರಸ್ಸನ್ನು ಕೈಬಿಟ್ಟರು. ಎಲ್ಲ ದೇಶಗಳಿಗೂ ಸೂಜಿ ಲಸಿಕೆ ಬೇಕಾಯಿತು, ತಯಾರಕರಲ್ಲಿ ಅಷ್ಟು ಇರಲಿಲ್ಲ. ಆಗ ಸಣ್ಣ ಡೋಸಿನ ಕ್ರಮ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಭಾವದಿಂದ ಬಂದ ಕ್ರಮ ಎಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ನಾದಿನಿ ಹೇಳಿದ್ದರಲ್ಲೂ ಹುರುಳಿದೆ: ಒಂದು ಸಣ್ಣ ಡೋಸು ಒಂದು ಪೂರ್ತಿ ಡೋಸಿಗೆ ಸಮವಲ್ಲ. ಎರಡು ಸಣ್ಣವು ಮಾತ್ರ ಒಂದು ಪೂರ್ತಿಯನ್ನು ಮೀರಿಸುತ್ತವೆ. ಈಗ ನಿಲ್ಲಿಸಿದರೆ ನಿಮ್ಮ ಮಗಳ ಪಾಲಿಗೆ ಉಳಿಯುವುದು ಆ ಅರೆಬರೆ ರಕ್ಷಣೆಯೇ. 2023ರಿಂದ 9ನೇ ತಿಂಗಳಿಗೆ ಮೂರನೆಯದನ್ನೂ ಸೇರಿಸಿದ್ದಾರೆ.

ಹತ್ತನೇ ವಾರಕ್ಕೆ ಹೋದಾಗ ತೋಳಿಗೆ ಈ ಸೂಜಿ ಇರುವುದಿಲ್ಲ, ಗಾಬರಿಯಾಗಬೇಡಿ. ಹನಿ ಹಾಕಿಸಿ, ಉಳಿದ ಲಸಿಕೆಗಳನ್ನು ಕೊಡಿಸಿ. ಇದರ ಎರಡನೆಯದು 14ನೇ ವಾರಕ್ಕೆ. ಮನಸ್ಸು ಒಪ್ಪದೆ ಖಾಸಗಿಯಲ್ಲಿ ಪೂರ್ತಿ ಡೋಸ್ ಕೊಡಿಸುವುದಾದರೂ ತಪ್ಪಿಲ್ಲ. ಆದರೆ ತಾಯಿ ಕಾರ್ಡನ್ನು ಆ ಡಾಕ್ಟರಿಗೆ ತೋರಿಸಿ, ಮೊದಲು ಹಾಕಿದ್ದು 0.1 ಎಂ.ಎಲ್. ಎಂದು ಬಾಯಿಬಿಟ್ಟು ಹೇಳಿ.