ಜ್ವರ ಬರುವ ಮುಂಚೆಯೇ ಡಾಕ್ಟರನ್ನು ಹುಡುಕಿಕೋ

ಐಜೂರಿನಲ್ಲಿ ಮನೆ ಮಾಡಿದ್ದಾಯಿತು, ಹಾಲಿನವನು ಗೊತ್ತಾದ, ಮಗುವಿಗೆ ಶಾಲೆಯೂ ಸಿಕ್ಕಿತು. ಇನ್ನೊಂದು ಬಾಕಿ ಇದೆ ಕಣಪ್ಪ. ಮನೆಗೆಲ್ಲ ಒಬ್ಬ ಡಾಕ್ಟರನ್ನು ಗೊತ್ತು ಮಾಡಿಕೋ ಎಂದರೆ, 'ಬೆಂಗಳೂರು ಇಲ್ಲೇ ಇದೆಯಲ್ಲ ಮಾವ' ಅನ್ನುತ್ತೀಯ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಎಲ್ಲರದೂ ಇದೇ ಮಾತು. ಕೆಂಗೇರಿ ತಲುಪಿದ ಮೇಲಿನ ಕಥೆ ನಿನಗೇ ಗೊತ್ತು, ಅದನ್ನು ಬಿಡು. ನಮ್ಮಕ್ಕನಿಗೆ, ಅಂದರೆ ನಿನ್ನಮ್ಮನಿಗೆ, ಬಿಪಿ, ಸಕ್ಕರೆ ಎರಡೂ ಇವೆ. ದೊಡ್ಡಾಸ್ಪತ್ರೆಯಲ್ಲಿ ಹೋದಾಗಲೆಲ್ಲ ಹೊಸ ಮುಖ, ಪ್ರತಿ ಸಲವೂ ಅವಳು ತನ್ನ ಪುರಾಣವನ್ನು ಮೊದಲಿಂದ ಹೇಳಬೇಕು. ಹೋದ ವರ್ಷ ಯಾವ ಮಾತ್ರೆಗೆ ಕಾಲು ಊದಿತ್ತು ಎಂದು ನೆನಪಿಟ್ಟುಕೊಳ್ಳುವವರು ಮನೆಗೆ ಹತ್ತಿರ ಇರಬೇಕು.

ಯಾರನ್ನು ಆರಿಸುವುದು? ನಾನಾದರೆ ಮೊದಲು ನೋಡುವುದು, ಕೆಮ್ಮು ಎಂದು ಹೋದವನನ್ನು 'ಏನು ಕೆಲಸ ಮಾಡ್ತೀರಿ?' ಎಂದು ಕೇಳುತ್ತಾರೋ ಇಲ್ಲವೋ ಎಂಬುದನ್ನು. ನಿನ್ನದು ರೇಷ್ಮೆ ರೀಲಿಂಗ್ ಕಸುಬು. ಗೂಡು ಬೇಯಿಸುವ ಹಬೆ, ಒಳಗಿನ ಹುಳದ ವಾಸನೆ, ಗೂಡಿನ ದೂಳು, ಇವೆಲ್ಲ ಕೆಲವರಿಗೆ ಉಬ್ಬಸ ತರುತ್ತವೆ. ದಿನವಿಡೀ ಬಿಸಿನೀರಿನಲ್ಲಿ ಆಡುವ ಬೆರಳುಗಳ ಚರ್ಮ ಬಿರಿಯುತ್ತದೆ. ನಿನಗಷ್ಟೇ ಅಲ್ಲ, ನಿನ್ನ ಹತ್ತಿರ ಕೂಲಿಗೆ ಬರುವ ಹೆಂಗಸರಿಗೂ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವನ ಮೂಗಿಗೆ ಮರದ ಪುಡಿ ಹೋಗುತ್ತದೆ, ಕ್ವಾರಿಯಲ್ಲಿ ದುಡಿಯುವವನ ಎದೆಗೆ ಕಲ್ಲಿನ ದೂಳು. ಈ ಮೂವರಿಗೂ ಏನೂ ಕೇಳದೆ ಒಂದೇ ಸಿರಪ್ ಬರೆದುಕೊಟ್ಟರೆ ಗುಣವಾಗುವುದು ಹೇಗೆ? ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಎನ್ನದೆ ಮೂರನೇ ಸಿರಪ್ ಬರೆಯುವವರ ಹತ್ತಿರ ಮತ್ತೆ ಹೋಗಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಆ ಪರೀಕ್ಷೆಗೆ ಕಾಸು ಕೊಡಬೇಕಿಲ್ಲ.

ನಮ್ಮ ಕಡೆ ಇನ್ನೊಂದು ಚಾಳಿ ಇದೆ. ಸೂಜಿ ಚುಚ್ಚದಿದ್ದರೆ ಅವರು ಡಾಕ್ಟರೇ ಅಲ್ಲ! 'ಒಂದೇ ಇಂಜೆಕ್ಷನ್‌ಗೆ ಎದ್ದು ಕೂತೆ, ಕೈಗುಣ ಅಂದರೆ ಅದು' ಎಂದು ಗೂಡಿನ ಮಾರ್ಕೆಟ್ಟಿನಲ್ಲಿ ಹೊಗಳುವುದನ್ನು ನೀನೂ ಕೇಳಿರುತ್ತೀಯ. ಆ ಸೂಜಿಯಲ್ಲಿ ಸ್ಟೀರಾಯ್ಡ್ ಇದ್ದರೆ ಮಂಡಿನೋವು ಮರುದಿನವೇ ಇಳಿಯುತ್ತದೆ, ನಿಜ. ಅದನ್ನೇ ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ. ನೆಗಡಿ ಜ್ವರಕ್ಕೆ ಆಂಟಿಬಯಾಟಿಕ್ ಏನೂ ಮಾಡದು. 2014ರಿಂದ ಕೆಲವು ಆಂಟಿಬಯಾಟಿಕ್‌ಗಳನ್ನು ಕೊಡುವಾಗ ಬರೆದ ಡಾಕ್ಟರ ಹೆಸರು, ಕೊಂಡವರ ಹೆಸರು ಎರಡನ್ನೂ ಮೆಡಿಕಲ್ ಸ್ಟೋರಿನವರು ಪುಸ್ತಕದಲ್ಲಿ ದಾಖಲಿಸಬೇಕೆಂಬ ನಿಯಮ ಬಂದಿರುವುದು ಸುಮ್ಮನೆ ಅಲ್ಲ. 'ಇದು ಮೂರು ದಿನದಲ್ಲಿ ತಾನೇ ಹೋಗುತ್ತೆ, ಗಂಜಿ ಕುಡಿಸಿ, ಉಸಿರು ಜೋರಾದರೆ ಮಾತ್ರ ಓಡಿ ಬನ್ನಿ' ಎಂದು ಬರಿಗೈಲಿ ಕಳಿಸುವ ಡಾಕ್ಟರು ಸಿಕ್ಕರೆ ಕಣ್ಣಿಗೊತ್ತಿಕೋ.

ಬೋರ್ಡನ್ನು ಪೂರ್ತಿ ಓದು. ಹೆಸರಿನ ಹಿಂದೆ 'ಡಾ.' ಇದ್ದರೆ ಸಾಲದು. ಯಾವ ಪದವಿ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು ಎಂಬುದು ಕ್ಲಿನಿಕ್ಕಿನಲ್ಲೂ ಚೀಟಿಯಲ್ಲೂ ಕಾಣಬೇಕು. ಕ್ಲಿನಿಕ್ಕಿಗೂ 2007ರ ಕೆಪಿಎಂಇ ಕಾಯ್ದೆಯ ನೋಂದಣಿ ಇರಬೇಕು. ಇದನ್ನೆಲ್ಲ ಕೇಳಿದರೆ ಸಿಟ್ಟಾಗುವವರನ್ನು ದೂರದಿಂದಲೇ ನಮಸ್ಕರಿಸು. ಫೀಸು ನೋಡಿ ವಿದ್ಯೆ ಅಳೆಯಬೇಡ. ಪಕ್ಕದ ಮಂಡ್ಯದಲ್ಲಿ ಚರ್ಮರೋಗದ ಡಾ. ಶಂಕರೇಗೌಡರು ಐದು ರೂಪಾಯಿ ಡಾಕ್ಟರು ಎಂದೇ ಹೆಸರಾದವರು.

ನಿನ್ನ ಹೆಂಡತಿಯನ್ನೂ ಒಂದು ಮಾತು ಕೇಳು. ಅತ್ತೆಯೂ ಗಂಡನೂ ಪಕ್ಕದಲ್ಲಿ ನಿಂತಿರುವಾಗ ಅವಳು ತನ್ನ ನೋವು ಹೇಳಿಕೊಳ್ಳುವಳೇ? ಅವಳಿಗೆ ಲೇಡಿ ಡಾಕ್ಟರೇ ಬೇಕೆಂದರೆ ಅವರೇ ಆಗಲಿ. ಮನೆಗೆಲ್ಲ ಒಬ್ಬರೇ ಇರಬೇಕೆಂದು ಹಟ ಹಿಡಿಯಬೇಡ.

ಹಾಗೆಂದು ಎಲ್ಲದಕ್ಕೂ ಮನೆ ಡಾಕ್ಟರ ಬಾಗಿಲಲ್ಲಿ ನಿಲ್ಲುವುದೂ ತಪ್ಪು. ಹಿಪ್ಪುನೇರಳೆ ತೋಟದಲ್ಲಿ ಹಾವು ಕಚ್ಚಿದರೆ ಕ್ಲಿನಿಕ್ಕೂ ಬೇಡ, ನಾಟಿ ಮದ್ದೂ ಬೇಡ. 108ಕ್ಕೆ ಫೋನ್ ಮಾಡಿ ವಿಷಕ್ಕೆ ಇಂಜೆಕ್ಷನ್ ಇರುವ ಸರ್ಕಾರಿ ಆಸ್ಪತ್ರೆಗೆ ನೇರ ಹೋಗಬೇಕು. ಎದೆ ಹಿಡಿದುಕೊಂಡರೂ ಹಾಗೆಯೇ. ದೊಡ್ಡ ಕಾಯಿಲೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗೆ ಸೇರಬೇಕಾದಾಗ, ತುರ್ತು ಇಲ್ಲದಿದ್ದರೆ, ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಅದಕ್ಕೇ ಜಿಲ್ಲಾಸ್ಪತ್ರೆಯ ದಾರಿಯೂ ತಿಳಿದಿರಲಿ.

ಮುಂದಿನ ವಾರವೇ, ಎಲ್ಲರೂ ಚೆನ್ನಾಗಿರುವಾಗ, ಮನಸ್ಸಿಗೆ ಬಂದ ಡಾಕ್ಟರ ಹತ್ತಿರ ಒಮ್ಮೆ ಹೋಗಿ ಬಾ. ನಮ್ಮಕ್ಕನ ಮಾತ್ರೆಗಳ ಚೀಲವನ್ನು ಹಾಗೇ ಎತ್ತಿಕೊಂಡು ಹೋಗು. ಯಾರೋ ಕೊಟ್ಟರೆಂದು ಗುಟ್ಟಾಗಿ ತಿನ್ನುವ ಮಂಡಿನೋವಿನ ಪುಡಿಯೂ ಅದರಲ್ಲಿರಲಿ, ಅವಳು ಬೈದರೂ ಸರಿ. ಬಿಪಿ ನೋಡುವ ಹೊತ್ತಿಗೆ, ರಾತ್ರಿ ಹತ್ತಕ್ಕೆ ಮಗುವಿಗೆ ಜ್ವರ ಏರಿದರೆ ಏನು ಮಾಡಲಿ ಎಂದು ಕೇಳು. 'ನನಗೇ ಫೋನ್ ಮಾಡಿ' ಎನ್ನಬೇಕೆಂದೇನಿಲ್ಲ. ಅವರಿಗೂ ಹೆಂಡತಿ ಮಕ್ಕಳಿದ್ದಾರೆ, ನಿದ್ದೆ ಇದೆ. ಯಾವ ಆಸ್ಪತ್ರೆಗೆ ಹೋಗಬೇಕು, ಅಷ್ಟರೊಳಗೆ ಮನೆಯಲ್ಲಿ ಏನು ಕೊಡಬಹುದು ಎಂದು ಬಿಡಿಸಿ ಹೇಳಿದರೆ ಅವರನ್ನೇ ಗೊತ್ತು ಮಾಡಿಕೋ.