ಪರಮಾಣುವೂ ರಕ್ತಪರೀಕ್ಷೆಯೂ

ತೂಗುವ ವಸ್ತು ಯಾವುದೋ ತಕ್ಕಡಿಯೂ ಅದಕ್ಕೆ ತಕ್ಕುದಾಗಿರಬೇಕು. ಸೌದೆ ತೂಗುವ ತಕ್ಕಡಿಯಿಂದ ಅಕ್ಕಸಾಲಿಗನ ಕೆಲಸ ನಡೆಯದು; ಅವನಿಗೆ ಗುಲಗಂಜಿ ಬೇಕು. ಆದರೆ ಗುಲಗಂಜಿಗೂ ನಿಲುಕದಷ್ಟು ಸೂಕ್ಷ್ಮವಾದ ವಸ್ತುವೊಂದರ ಮೇಲೆ ಮನುಷ್ಯನ ಪ್ರಾಣವೇ ನಿಂತಿದ್ದರೆ ಅದನ್ನು ಅಳೆಯುವ ಬಗೆ ಹೇಗೆ? ಇಪ್ಪತ್ತನೆಯ ಶತಮಾನದ ನಡುವೆ ವೈದ್ಯವಿಜ್ಞಾನಕ್ಕೆ ಎದುರಾದ ಈ ಪ್ರಶ್ನೆಗೆ ಉತ್ತರ ಬಂದದ್ದು ಪರಮಾಣು ಭೌತಶಾಸ್ತ್ರದ ಕಡೆಯಿಂದ. ಆ ವಿಚಾರವನ್ನು ಸಂಗ್ರಹವಾಗಿ ಇಲ್ಲಿ ನಿರೂಪಿಸಿದೆ. ಗಣಿತದ ಬಳಕೆ ಹೆಚ್ಚಾಗಿಲ್ಲದ ಕಲಾ ವಿದ್ಯಾರ್ಥಿಗಳಿಗೂ ಇದು ತಿಳಿಯುವಂಥದೇ.

ಇನ್ಸುಲಿನ್ ಎಂಬುದು ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿ ರಕ್ತವನ್ನು ಸೇರುವ ಒಂದು ಹಾರ್ಮೋನು. ರಕ್ತದ ಸಕ್ಕರೆಯನ್ನು ಹದದಲ್ಲಿಡುವುದು ಅದರ ಕೆಲಸ. 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಪ್ರಾಣಿಗಳ ಗ್ರಂಥಿಯಿಂದ ತೆಗೆದರು. ಮರುವರ್ಷ ಅದು ಮಧುಮೇಹ ರೋಗಿಗಳಿಗೆ ಮದ್ದಾಯಿತು. ಆದರೆ ರಕ್ತದಲ್ಲಿ ಅದು ಎಷ್ಟಿದೆಯೆಂದು ನೆಚ್ಚುವಂತೆ ಹೇಳುವ ಉಪಾಯ ಮತ್ತೆ ಮೂರು ದಶಕ ಕಳೆದರೂ ಸಿಗಲಿಲ್ಲ. ಆರೋಗ್ಯವಂತನು ಬರಿಹೊಟ್ಟೆಯಲ್ಲಿದ್ದಾಗ ಅವನ ಒಂದು ಮಿಲಿಲೀಟರ್ ರಕ್ತದ್ರವದಲ್ಲಿರುವ ಇನ್ಸುಲಿನ್ ಒಂದು ಗ್ರಾಮಿನ 100 ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಒಂದು ಗುಲಗಂಜಿಯನ್ನು ಸುಮಾರು 12 ಕೋಟಿ ಚೂರು ಮಾಡಿದರೆ ಅದರ ಒಂದು ಚೂರಿನಷ್ಟೂ ಆಗದು. ಅದೂ ತನಗಿಂತ ಕೋಟಿಪಾಲು ಹೆಚ್ಚಾದ ಬೇರೆ ಪ್ರೋಟೀನುಗಳ ನಡುವೆ ಅಡಗಿರುತ್ತದೆ.

ಇಂಥ ವಸ್ತುವನ್ನು ಹಿಡಿಯಲು ವಿಕಿರಣಪಟುವಾದ ಪರಮಾಣುಗಳು ನೆರವಾದವು. ಅಂಥ ಪರಮಾಣು ಸಿಡಿದಾಗ ಹೊರಡುವ ಕಿರಣವನ್ನು ಯಂತ್ರವು ಒಂದೊಂದಾಗಿ ಎಣಿಸಬಲ್ಲದು. ಅದನ್ನು ಬೇರೊಂದು ವಸ್ತುವಿಗೆ ಅಂಟಿಸಿದರೆ ಹಸುವಿನ ಕೊರಳಿಗೆ ಗಂಟೆ ಕಟ್ಟಿದ ಹಾಗೆ. ಕಣ್ಣಿಗೆ ಕಾಣದಿದ್ದರೂ ಎಲ್ಲಿದೆಯೆಂದು ಗೊತ್ತಾಗುತ್ತದೆ. ಹೆವೆಶಿ ಎಂಬ ವಿಜ್ಞಾನಿ 1923ರಲ್ಲಿಯೇ ವಿಕಿರಣಪಟು ಸೀಸದ ಜಾಡು ಹಿಡಿದು ಗಿಡದೊಳಗಿನ ಸಂಚಾರವನ್ನು ತಿಳಿದಿದ್ದನು.

ಎಣಿಕೆಗೂ ತನ್ನದೇ ಆದ ನಿಯಮವುಂಟು. ಯಾವ ಪರಮಾಣು ಯಾವಾಗ ಸಿಡಿಯುವುದೆಂದು ಮೊದಲೇ ಹೇಳಲಾಗದು. ಆದುದರಿಂದ ಒಂದೇ ಮಾದರಿಯನ್ನು ಎರಡು ಸಲ ಎಣಿಸಿದರೆ ಎರಡು ಬೇರೆ ಸಂಖ್ಯೆಗಳು ಬರುವುದು ಸಹಜ. ಎಣಿಕೆಯ ವರ್ಗಮೂಲದಷ್ಟು ಅನಿಶ್ಚಯ ಅದರೊಡನೆ ಇದ್ದೇ ಇರುತ್ತದೆ. 100 ಎಣಿಸಿದರೆ 10ರಷ್ಟು, ಎಂದರೆ ಶೇಕಡ 10. 10,000 ಎಣಿಸಿದರೆ 100ರಷ್ಟು, ಎಂದರೆ ಶೇಕಡ 1. ಹತ್ತುಪಾಲು ನಿಖರತೆ ಬೇಕೆಂದರೆ ನೂರುಪಾಲು ಎಣಿಸಬೇಕು. ಸುತ್ತಣ ನೆಲ, ಗೋಡೆ, ಆಕಾಶಗಳಿಂದ ಬರುವ ಕಿರಣಗಳನ್ನೂ ಲೆಕ್ಕದಿಂದ ಕಳೆಯಬೇಕು. ಅಯೋಡಿನ್-131 ಎಂಟು ದಿನಕ್ಕೆ ಅರ್ಧವಾಗಿ ಕುಗ್ಗುವುದನ್ನೂ ಮರೆಯಬಾರದು.

ಈ ಶಿಸ್ತನ್ನು ಆಸ್ಪತ್ರೆಗೆ ತಂದವರಲ್ಲಿ ರೋಸಲಿನ್ ಯಾಲೋ ಪ್ರಮುಖರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ 1945ರಲ್ಲಿ ಡಾಕ್ಟರೇಟ್ ಪಡೆದ ಆಕೆ, 1947ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿದ್ದ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಕಸಗುಡಿಸುವವರ ಸಾಮಾನಿನ ಕೋಣೆಯೇ ಆಕೆಯ ಮೊದಲ ಪ್ರಯೋಗಶಾಲೆ. 1950ರಲ್ಲಿ ಸಾಲಮನ್ ಬರ್ಸನ್ ಎಂಬ ವೈದ್ಯರು ಜೊತೆಗೂಡಿದರು.

ದೊಡ್ಡವರಿಗೆ ಬರುವ ಮಧುಮೇಹದಲ್ಲಿ ಇನ್ಸುಲಿನ್ ಬೇಗಬೇಗನೆ ನಾಶವಾಗುತ್ತದೆಯೆಂಬ ಊಹೆ ಆಗ ಇತ್ತು. ಇಬ್ಬರೂ ಇನ್ಸುಲಿನ್ನಿಗೆ ವಿಕಿರಣಪಟು ಅಯೋಡಿನ್ ಅಂಟಿಸಿ, ಚುಚ್ಚಿ, ಎಣಿಸಿ ನೋಡಿದರು. ಹಿಂದೆ ಇನ್ಸುಲಿನ್ ಚಿಕಿತ್ಸೆ ಪಡೆದಿದ್ದವರ ರಕ್ತದಲ್ಲಿ ಅದು ಇತರರಿಗಿಂತ ಹೆಚ್ಚು ಹೊತ್ತು ಉಳಿಯಿತು! ಮಧುಮೇಹವಿಲ್ಲದೆ, ಮಾನಸಿಕ ರೋಗಕ್ಕಾಗಿ ಇನ್ಸುಲಿನ್ ಪಡೆದಿದ್ದವರಲ್ಲಿಯೂ ಹೀಗೆಯೇ ಆಯಿತು. ಎಂದ ಮೇಲೆ ಕಾರಣ ರೋಗವಾಗಿರದೆ ಮದ್ದೇ ಆಗಿರಬೇಕು. ಹೊರಗಿನಿಂದ ಬಂದ ಇನ್ಸುಲಿನ್ನಿಗೆ ಎದುರಾಗಿ ದೇಹವು ಪ್ರತಿಕಾಯಗಳನ್ನು ಹುಟ್ಟಿಸಿ ಅದನ್ನು ಕಟ್ಟಿಹಾಕಿತ್ತು. ಅಷ್ಟು ಸಣ್ಣ ಪ್ರೋಟೀನಿಗೆ ಪ್ರತಿಕಾಯ ಹುಟ್ಟದೆಂಬುದು ಅಂದಿನ ಪಂಡಿತರ ಮತ. ಪ್ರಬಂಧ ಮೊದಲು ತಿರಸ್ಕೃತವಾಯಿತು. ಶೀರ್ಷಿಕೆಯಿಂದ ಪ್ರತಿಕಾಯವೆಂಬ ಮಾತನ್ನು ಕೈಬಿಟ್ಟ ಮೇಲೆಯೇ 1956ರಲ್ಲಿ ಅದು ಅಚ್ಚಾಯಿತು. ಯಾಲೋ ಆ ತಿರಸ್ಕಾರದ ಪತ್ರವನ್ನು ಜೋಪಾನವಾಗಿಟ್ಟುಕೊಂಡು ಮುಂದೆ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಸೇರಿಸಿದರು.

ಇನ್ಸುಲಿನ್ನನ್ನು ಕಟ್ಟಿಹಾಕುವ ಆ ಪ್ರತಿಕಾಯವನ್ನೇ ಅವರು ಅಳತೆಯ ಸಾಧನವನ್ನಾಗಿ ಮಾಡಿಕೊಂಡರು. ಇದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಮದುವೆಯ ಊಟದ ಪಂಕ್ತಿಯಲ್ಲಿ 100 ಎಲೆ ಹಾಕಿದೆಯೆನ್ನಿ. ರುಮಾಲು ಸುತ್ತಿದ 100 ಮಂದಿ ಮಾತ್ರ ಬಂದರೆ ಎಲ್ಲರಿಗೂ ಎಲೆ ಸಿಗುವುದು. ಅವರೊಡನೆ ಬರಿದಲೆಯವರು 100 ಮಂದಿ ನುಗ್ಗಿದರೆ ಎಲೆಯ ಮುಂದೆ ಕಾಣುವ ರುಮಾಲುಗಳು ಸುಮಾರು 50. 300 ಮಂದಿ ನುಗ್ಗಿದರೆ ಸುಮಾರು 25. ರುಮಾಲುಗಳನ್ನಷ್ಟೇ ಎಣಿಸಿ ಬರಿದಲೆಯವರೆಷ್ಟೆಂದು ಹೇಳಬಹುದು. ಇಲ್ಲಿ ಎಲೆಗಳೇ ಪ್ರತಿಕಾಯ; ರುಮಾಲಿನವರು ಅಯೋಡಿನ್ ಅಂಟಿಸಿದ ಇನ್ಸುಲಿನ್; ಬರಿದಲೆಯವರು ರೋಗಿಯ ರಕ್ತದ ಇನ್ಸುಲಿನ್. ಮೊದಲು ತಿಳಿದ ಮೊತ್ತಗಳಿಂದ ಒಂದು ರೇಖೆ ಬರೆದುಕೊಂಡು ತಿಳಿಯದುದನ್ನು ಅದರೊಡನೆ ಹೋಲಿಸುವುದೇ ಕ್ರಮ. ರೇಡಿಯೋ ಇಮ್ಯುನೋ ಅಸ್ಸೇ ಎಂಬ ಈ ವಿಧಾನವನ್ನು 1960ರಲ್ಲಿ ಅವರು ಸವಿಸ್ತಾರವಾಗಿ ಪ್ರಕಟಿಸಿದರು; ಪೇಟೆಂಟ್ ಪಡೆಯದೆ ಲೋಕಕ್ಕೇ ಬಿಟ್ಟುಕೊಟ್ಟರು.

ಇದರ ಫಲವನ್ನು ಒಂದು ಉದಾಹರಣೆಯಿಂದ ಕಾಣಬಹುದು. ಥೈರಾಯಿಡ್ ಗ್ರಂಥಿ ಸರಿಯಾಗಿ ಕೆಲಸಮಾಡದ ಕೂಸು ಹುಟ್ಟಿದಾಗ ನೋಡಲು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ಲಕ್ಷಣಗಳು ತಲೆದೋರುವ ತನಕ ಕಾದರೆ ಬುದ್ಧಿಯ ಬೆಳವಣಿಗೆಗೆ ಸರಿಪಡಿಸಲಾಗದ ಕುಂದು ಬಂದಿರುತ್ತದೆ. 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ, ಕಾಗದದ ಮೇಲೆ ಒಣಗಿದ ರಕ್ತದ ಬೊಟ್ಟಿನಲ್ಲಿ ಆ ಗ್ರಂಥಿಯ ಹಾರ್ಮೋನನ್ನು ಇದೇ ವಿಧಾನದಿಂದ ಅಳೆದು ಅಂಥ ಕೂಸುಗಳನ್ನು ಮೊದಲೇ ಗುರುತಿಸತೊಡಗಿದರು. ಸಕಾಲದಲ್ಲಿ ದೊರೆತ ಒಂದು ಸಣ್ಣ ಗುಳಿಗೆ ಮಗುವಿನ ಬಾಳನ್ನು ಕಾಯಿತು.

ಬರ್ಸನ್ 1972ರಲ್ಲಿ ತೀರಿಕೊಂಡರು. 1977ರ ನೊಬೆಲ್ ಪಾರಿತೋಷಕದ ಅರ್ಧ ಪಾಲು ಯಾಲೋ ಅವರಿಗೆ ಸಂದಿತು. ಇಂದು ಹೆಚ್ಚಿನ ಪ್ರಯೋಗಶಾಲೆಗಳಲ್ಲಿ ವಿಕಿರಣಪಟು ಅಯೋಡಿನ್ನಿನ ಬದಲು ಬಣ್ಣ ತರುವ ಇಲ್ಲವೆ ಬೆಳಕು ಚೆಲ್ಲುವ ಗುರುತುಗಳು ಬಂದಿವೆ. ಆದರೂ ಪ್ರತಿಕಾಯದಿಂದ ಅಳೆಯುವ ಮೂಲತತ್ತ್ವ ಉಳಿದಿದೆ.

ತನ್ನ ಎಣಿಕೆಯಲ್ಲಿ ಎಷ್ಟು ತಪ್ಪಿರಬಹುದೆಂದು ಬಲ್ಲವನಿಗೆ ಮಾತ್ರ ಎಷ್ಟು ನಿಜವಿದೆಯೆಂದು ಹೇಳುವ ಧೈರ್ಯ ಬರುತ್ತದೆ. ಪಂಡಿತರ ಮತಕ್ಕೆ ಎದುರಾಗಿ ಆ ಇಬ್ಬರು ನಿಲ್ಲಬಲ್ಲವರಾದುದು ಈ ಧೈರ್ಯದಿಂದಲೇ. ವಿಜ್ಞಾನವನ್ನು ಓದದವರೂ ಇದನ್ನು ಕಲಿಯಬಹುದು.